ಬೆಟ್ಟಿಯ ಬಾಯಿ, ಜಿಸೆಲ್‌ಳ ಅಪ್ಪುಗೆ

2003ರಲ್ಲಿ ಬಂದ 'ಮೋನಾ ಲಿಸಾ ಸ್ಮೈಲ್' ಬಗ್ಗೆ ಯಾರನ್ನೇ ಕೇಳಿ, ಜೂಲಿಯಾ ರಾಬರ್ಟ್ಸ್ ಟೀಚರ್ ಆಗಿರೋ ಸಿನಿಮಾ ಅಂತಾರೆ. ನನಗೋ, ಕ್ಲಾಸಿನ ಭಾಷಣಗಳು ಯಾವಾಗ ಮುಗಿದು ಆ ಹುಡುಗಿಯರು ಮತ್ತೆ ಒಟ್ಟಿಗೆ ಕೂರುತ್ತಾರೋ ಅನ್ನೋದೇ ಆತುರ.

1953ರ ಅಮೆರಿಕ, ವೆಲ್ಸ್ಲಿ ಮಹಿಳಾ ಕಾಲೇಜು. ಬೆಟ್ಟಿ, ಜೋನ್, ಜಿಸೆಲ್, ಕಾನಿ ಅಂತ ನಾಲ್ವರು ಗೆಳತಿಯರು. ಎಷ್ಟೇ ಚೆನ್ನಾಗಿ ಓದಿದರೂ ಕೊನೆಗೆ ಒಳ್ಳೆ ಗಂಡ ಸಿಕ್ಕರೇನೇ ಪಾಸಾದ ಹಾಗೆ ಅಂತ ಮನೆಯವರೂ ಕಾಲೇಜಿನವರೂ ನಂಬಿದ್ದ ಕಾಲ. ಜೋನ್‌ಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದೋಕೆ ಸೀಟು ಸಿಕ್ಕರೂ ಮದುವೆ ಮಾಡಿಕೊಳ್ಳುತ್ತಾಳೆ, ಇದು ನನ್ನದೇ ಆಯ್ಕೆ ಅಂತ ಟೀಚರ್‌ಗೇ ಮುಖಕ್ಕೆ ಹೇಳುತ್ತಾಳೆ. ಅವಳ ತೀರ್ಮಾನ ನನಗೆ ಹಿಡಿಸಲಿಲ್ಲ, ಆದರೆ ಆ ದಿಟ್ಟತನ ಹಿಡಿಸಿತು.

ಬೆಟ್ಟಿ ಇದ್ದಾಳಲ್ಲ, ಅಂಥ ಗೆಳತಿ ಶತ್ರುವಿಗೂ ಬೇಡ. ಕಾಲೇಜಿನ ನರ್ಸ್ ಹುಡುಗಿಯರಿಗೆ ಗರ್ಭನಿರೋಧಕ ಕೊಡ್ತಾಳೆ ಅಂತ ಕಾಲೇಜು ಪತ್ರಿಕೆಯಲ್ಲಿ ಬರೆದು ಆ ನರ್ಸ್‌ನ ಕೆಲಸ ಕಳೆಯುತ್ತಾಳೆ. ಕಾನಿಗೆ ಅಂತೂ ಇಂತೂ ಒಬ್ಬ ಹುಡುಗ ಸಿಕ್ಕರೆ, ಅವನು ಬೇರೆಯವಳನ್ನು ಮದುವೆಯಾಗೋನು ಅಂತ ಹುಳಿ ಹಿಂಡುತ್ತಾಳೆ. ಇಂಥವಳ ಗಂಡನೇ ಮದುವೆಯಾಗಿ ವರ್ಷ ತುಂಬುವ ಮೊದಲೇ ಇನ್ನೊಬ್ಬಳ ಹಿಂದೆ ಹೋಗುತ್ತಾನೆ. ಆ ಸಿಟ್ಟನ್ನೆಲ್ಲ ಅವಳು ತಂದು ಸುರಿಯುವುದು ಜಿಸೆಲ್ ಮೇಲೆ. ಉಳಿದವರ ಎದುರಿಗೇ ನಡತೆಗೆಟ್ಟವಳು ಅಂತ ಬಾಯಿಗೆ ಬಂದಂತೆ ಬಯ್ಯುತ್ತಾಳೆ, ನೀನು ಯಾರಿಗೂ ಬೇಡ ಅನ್ನುತ್ತಾಳೆ. ಆ ಮಾತು ಯಾರ ಬಗ್ಗೆ ಅಂತ ಜಿಸೆಲ್‌ಗೆ ಗೊತ್ತಾಗಿಬಿಡುತ್ತದೆ. ತಿರುಗಿ ಒಂದು ಮಾತಾಡಲ್ಲ, ನೇರ ಹೋಗಿ ತಬ್ಬಿಕೊಳ್ಳುತ್ತಾಳೆ. ಬೆಟ್ಟಿ ಕೊಸರಾಡಿದರೂ ಬಿಡಲ್ಲ. ಕೊನೆಗೆ ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಬೆಟ್ಟಿಯಾಗಿ ಕರ್ಸ್ಟನ್ ಡನ್ಸ್ಟ್, ಜಿಸೆಲ್ ಆಗಿ ಮ್ಯಾಗಿ ಜಿಲೆನ್‌ಹಾಲ್, ಇಬ್ಬರೂ ಅಲ್ಲಿ ಅತಿ ಮಾಡಿಲ್ಲ, ಅದೇ ದೊಡ್ಡದು.

ಜಿಸೆಲ್ ಕ್ಷಮಿಸಿದಳು ಅಂತ ನನಗನ್ನಿಸಲ್ಲ. ಲೆಕ್ಕ ಆಮೇಲೆ ನೋಡೋಣ, ಮೊದಲು ಇವಳು ಬೀಳದ ಹಾಗೆ ಹಿಡ್ಕೋಬೇಕು ಅಂದುಕೊಂಡಳು ಅಷ್ಟೆ.

ನನ್ನ ತಕರಾರು ಇದು: ಇಷ್ಟು ಒಳ್ಳೆ ಎಳೆ ಕೈಯಲ್ಲಿದ್ದೂ ನಿರ್ದೇಶಕ ಮೈಕ್ ನ್ಯೂವೆಲ್ ಟೀಚರಮ್ಮನ ಎರಡೆರಡು ಪ್ರೇಮ ಪ್ರಸಂಗಕ್ಕೆ ಸಮಯ ಸುರಿದಿದ್ದಾರೆ. ಬೆಟ್ಟಿ ಬದಲಾಗೋದು ಮಾತ್ರ ಗಡಿಬಿಡಿಯಲ್ಲಿ. ವಿಚ್ಛೇದನಕ್ಕೆ ಅರ್ಜಿ ಹಾಕಿ, ಜಿಸೆಲ್ ಯಹೂದಿ ಅಂತ ಮೂಗು ಮುರಿಯುವ ತಾಯಿಗೆ ಎದುರಾಡಿ, ಅದೇ ಜಿಸೆಲ್ ಜೊತೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಮನೆ ಮಾಡ್ತೀನಿ ಅನ್ನುತ್ತಾಳೆ. ಅಲ್ಲಿಗೆ ಅವರ ಕಥೆ ಮುಗಿಯಿತು! ನನಗೆ ಬೇಕಿದ್ದದ್ದು ಆ ಬಾಡಿಗೆ ಮನೆಯ ಸಿನಿಮಾ. ಪಾತ್ರೆ ಯಾರು ತೊಳೆದರು, ಬೆಟ್ಟಿ ಕೊನೆಗೂ ಕಾನಿ ಹತ್ತಿರ ಸಾರಿ ಕೇಳಿದಳಾ, ಜಿಸೆಲ್ ಆ ದಿನದ ಬೈಗುಳವನ್ನು ಯಾವತ್ತಾದರೂ ಎತ್ತಿ ಆಡಿದಳಾ?