ಬಂದ್ರಲ್ಲ, ಮತ್ತೇನು ಕಾಯಿಲೆ?

ಅಂಗವೈಕಲ್ಯದ ಪ್ರಮಾಣಪತ್ರ ಕೊಡುವ ಕಚೇರಿಗೆ ನಾನು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದೆ. ಅದೇ ನಾನು ಮಾಡಿದ ಮೊದಲ ತಪ್ಪು.

ಗುಮಾಸ್ತರು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಕೈ ಎರಡೂ ಇವೆ. ಕಾಲು ಎರಡೂ ಇವೆ. ಕನ್ನಡಕ ಇದೆ, ಆದರೆ ಅದು ಲೆಕ್ಕಕ್ಕಿಲ್ಲ. ನನ್ನ ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ಕತ್ತು ಉದ್ದ ಮಾಡಿ ಇಣುಕಿದರು.

"ಪೇಷಂಟ್ ಎಲ್ಲಿ?"

"ನಾನೇ ಸಾರ್."

"ಏನು ತೊಂದರೆ?"

"ಡಿಪ್ರೆಶನ್ ಸಾರ್. ಆರು ವರ್ಷದಿಂದ."

"ಇಲ್ಲಿಗೆ ಹೇಗೆ ಬಂದ್ರಿ?"

"ಬಸ್ಸಲ್ಲಿ."

"ಒಬ್ರೇ?"

"ಹೌದು ಸಾರ್."

ಅವರು ಪೆನ್ನು ಕೆಳಗಿಟ್ಟರು. "ಬಂದ್ರಲ್ಲ, ಮತ್ತೇನು ಕಾಯಿಲೆ?"

ಆ ಮಾತಿನಲ್ಲಿ ಒಂದು ತೂಕ ಇತ್ತು. ಬಂದವರಿಗೆ ಕಾಯಿಲೆ ಇಲ್ಲ. ಕಾಯಿಲೆ ಇರುವವರು ಬರುವುದಿಲ್ಲ. ಅಂದಮೇಲೆ ಆ ಕಿಟಕಿಯ ಲೆಕ್ಕದಲ್ಲಿ ಡಿಪ್ರೆಶನ್ ಇರುವ ಮನುಷ್ಯ ಈ ಭೂಮಿ ಮೇಲೆ ಒಬ್ಬನೂ ಇಲ್ಲ. ಸಿಡುಬನ್ನು ನಿರ್ಮೂಲ ಮಾಡೋಕೆ ಲಸಿಕೆ ಬೇಕಾಯಿತು, ಊರೂರು ಅಲೆಯುವ ಜನ ಬೇಕಾಯಿತು, ಮುಗಿಯಿತು ಅಂತ ಘೋಷಿಸುವ ಹೊತ್ತಿಗೆ 1980 ಬಂತು. ಇಲ್ಲಿ ಒಂದು ಕಿಟಕಿ, ಒಬ್ಬ ಗುಮಾಸ್ತರು ಸಾಕಾಯಿತು.

ಶರ್ಟಿನ ವಿಷಯಕ್ಕೆ ಬರುತ್ತೇನೆ. ಇಸ್ತ್ರಿ ಮಾಡಿದ್ದು ನಾನಲ್ಲ, ಅಕ್ಕ. "ಕಚೇರಿಗೆ ಹೋಗ್ತಿದ್ದೀಯ, ನೀಟಾಗಿ ಹೋಗೋ" ಅಂದಿದ್ದಳು. ನಾನು ಮೂರು ಗುಂಡಿ ಹಾಕಿ ಮಂಚದ ಅಂಚಿಗೆ ಕೂತೆ. ನಾಲ್ಕನೆಯ ಗುಂಡಿ ಬೆರಳ ತುದಿಯಲ್ಲೇ ಇತ್ತು. ಅದರ ಕಾಜಾ ಎದುರಿಗೇ ಇತ್ತು. ಎರಡರ ನಡುವೆ ಅರ್ಧ ಇಂಚು. ಆ ಅರ್ಧ ಇಂಚು ದಾಟೋಕೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಳುತ್ತಾ ಕೂತಿದ್ದೆ ಅಂತ ತಿಳಿಯಬೇಡಿ. ಅಳು ಬಂದಿದ್ದರೆ ಎಷ್ಟೋ ವಾಸಿ, ಅಳುವವರಿಗೆ ಲೋಕದಲ್ಲಿ ಒಂದು ಮರ್ಯಾದೆ ಇದೆ. ನಾನು ಸುಮ್ನೆ ಗುಂಡಿ ಹಿಡಿದು ಗೋಡೆ ನೋಡುತ್ತಿದ್ದೆ. ಗುಮಾಸ್ತರಿಗೆ ಕಂಡದ್ದು ಮಾತ್ರ ಏಳಕ್ಕೆ ಏಳೂ ಗುಂಡಿ ಹಾಕಿದ ಶರ್ಟು.

ಇಷ್ಟಕ್ಕೂ ಪ್ರಮಾಣಪತ್ರದ ಆಸೆ ನನ್ನದಲ್ಲ, ನಾನು ಕೆಲಸ ಮಾಡುವ ಆಫೀಸಿನದು. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಬೆಳಗಿನ ಹೊತ್ತೇ ಕಷ್ಟ. ಹೊತ್ತು ಏರಿದ ಹಾಗೆ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಹಾಗಾಗಿ ಒಂಬತ್ತರ ಬದಲು ಹನ್ನೊಂದಕ್ಕೆ ಬರುತ್ತೇನೆ, ಸಂಜೆ ಎರಡು ಗಂಟೆ ಜಾಸ್ತಿ ಕೂರುತ್ತೇನೆ ಅಂತ ಕೇಳಿಕೊಂಡಿದ್ದೆ. "ಸರ್ಟಿಫಿಕೇಟ್ ತನ್ನಿ, ನೋಡೋಣ" ಅಂದರು.

ಅದೇ ಆಫೀಸಿನಲ್ಲಿ ವಿಶ್ವ ಮಾನಸಿಕ ಆರೋಗ್ಯ ದಿನ ಭಾರೀ ಜೋರು. 1992ರಿಂದ ಪ್ರತಿ ಅಕ್ಟೋಬರ್ 10ಕ್ಕೆ ಜಗತ್ತು ಇದನ್ನು ಆಚರಿಸುತ್ತಿದೆ, ನಮ್ಮವರು ಹಿಂದೆ ಬೀಳುತ್ತಾರೆಯೇ? ಹಸಿರು ಬಲೂನು, ಹಸಿರು ರಿಬ್ಬನ್, 'ಮನಸು ಬಿಚ್ಚಿ ಮಾತಾಡಿ' ಅನ್ನೋ ಬ್ಯಾನರು, ಅದರ ಮುಂದೆ ಸೆಲ್ಫಿ. ಬೆಳಗ್ಗೆ ಒಂಬತ್ತಕ್ಕೆ ಎಲ್ಲರ ಹಾಜರಿ ಕಡ್ಡಾಯ. ಆವತ್ತು ನನಗೆ ಹಾಸಿಗೆಯಿಂದ ಏಳೋಕೆ ಆಗಲಿಲ್ಲ. ಅರ್ಧ ದಿನದ ಸಂಬಳ ಕಟ್ಟಾಯಿತು. ಷರಾ ಹೀಗಿತ್ತು: 'ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಗೈರು.'

ಮನಸು ಬಿಚ್ಚಿ ಮಾತಾಡಿಯೂ ನೋಡಿದ್ದೇನೆ. ನಮ್ಮ ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡು, "ನಂಗೂ ಸೋಮವಾರ ಬಂದ್ರೆ ಡಿಪ್ರೆಶನ್ನೇ ರೀ" ಅಂತ ನಕ್ಕರು. ಮುಂದಿನ ಸಲ ವೈರಲ್ ಜ್ವರ ಅಂದೆ. ತಕ್ಷಣ ಮೂರು ದಿನ ರಜೆ, ಮೇಲೆ "ಚೆನ್ನಾಗಿ ರೆಸ್ಟ್ ತಗೊಳ್ಳಿ" ಅನ್ನೋ ಮೆಸೇಜು. ಆಮೇಲೆ ಅದೇ ರೂಢಿಯಾಯಿತು. ಆಫೀಸಿನ ದಾಖಲೆ ಪ್ರಕಾರ ಹೋದ ವರ್ಷ ನನಗೆ ಏಳು ಸಲ ವೈರಲ್ ಜ್ವರ ಬಂದಿದೆ. ಸಂಶೋಧಕರು ಯಾರಾದರೂ ಇದ್ದರೆ ನನ್ನ ರಕ್ತ ತೆಗೆದುಕೊಂಡು ಹೋಗಬಹುದು.

ಉಪದೇಶ ಕೊಡುವವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅವರಲ್ಲಿ ಇಬ್ಬರನ್ನು ಮಾತ್ರ ನೆನೆಯುತ್ತೇನೆ. ಒಬ್ಬರು, "ತಲೆ ಕೆಡಿಸ್ಕೋಬೇಡಿ" ಅಂದವರು. ಕಾಲು ಮುರಿದು ಬಿದ್ದವನಿಗೆ ಕಾಲು ಮುರ್ಕೋಬೇಡಿ ಅಂದ ಹಾಗೆ. ಇನ್ನೊಬ್ಬರು, "ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ" ಅಂದವರು. ಸ್ವಾಮಿ, ಕೆಟ್ಟು ಕೂತಿರುವುದೇ ಮನಸ್ಸು. ರಿಪೇರಿಗೂ ಅದನ್ನೇ ಕಳಿಸಿ ಅಂದರೆ ಹೇಗೆ?

ಮತ್ತೆ ಕಿಟಕಿಗೆ ಬರೋಣ. ನಾನು ಡಾಕ್ಟರ ಪತ್ರ ಮುಂದಿಟ್ಟೆ. ಅದರ ಜೊತೆ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿಯ ಹಾಳೆ. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲಾದರೂ ಆಸಕ್ತಿ ಇತ್ತಾ, ಸುಸ್ತು ಎಷ್ಟು, ಬದುಕೇ ಬೇಡ ಅನ್ನಿಸಿತ್ತಾ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 27. ಇಪ್ಪತ್ತು ಮುಟ್ಟಿದರೆ ತೀವ್ರ. ನನ್ನದು 21.

"27ಕ್ಕೆ 21ಆ? ಡಿಸ್ಟಿಂಕ್ಷನ್ ಅಲ್ವೇನ್ರೀ!" ಅಂದರು ಗುಮಾಸ್ತರು, ಮನಸಾರೆ. ಶಾಲೆಯಲ್ಲಿ ಒಮ್ಮೆಯೂ ನನ್ನ ಕಡೆ ತಿರುಗಿ ನೋಡದ ಡಿಸ್ಟಿಂಕ್ಷನ್ ಕೊನೆಗೂ ಬಂತು. ಥ್ಯಾಂಕ್ಸ್ ಅಂದುಬಿಟ್ಟೆ. ಅದು ಎರಡನೆಯ ತಪ್ಪು. ಥ್ಯಾಂಕ್ಸ್ ಹೇಳುವಾಗ ಸ್ವಲ್ಪ ನಕ್ಕಿದ್ದೆ. ಅರ್ಜಿಯ ಮೂಲೆಯಲ್ಲಿ ಅವರು ಪೆನ್ಸಿಲಿನಲ್ಲಿ ಬರೆದರು: 'ನಗುತ್ತಾರೆ.'

ಅರ್ಜಿಯ 7ನೇ ಕಾಲಂ ವೈಕಲ್ಯದ ವಿಧ. ಕಣ್ಣು, ಕಿವಿ, ಕೈ, ಕಾಲು, ಎಲ್ಲಕ್ಕೂ ಒಂದೊಂದು ಚೌಕ. ಕೊನೆಗೆ 'ಇತರೆ', ಅದರ ಮುಂದೆ ಅರ್ಧ ಇಂಚು ಜಾಗ. ನನ್ನ ಪಾಲಿಗೆ ಎಲ್ಲೆಲ್ಲೂ ಅರ್ಧ ಇಂಚೇ. ವಿಶ್ವಸಂಸ್ಥೆ 2006ರಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಅಂಗೀಕರಿಸಿತು. ಅದರ ಮೊದಲ ವಿಧಿಯಲ್ಲೇ 'ದೈಹಿಕ' ಅನ್ನೋ ಪದದ ಪಕ್ಕದಲ್ಲೇ 'ಮಾನಸಿಕ' ಅಂತ ಇದೆ. ಒಡಂಬಡಿಕೆಯಿಂದ ಅರ್ಜಿ ನಮೂನೆಗೆ ಬರುವ ದಾರಿಯಲ್ಲಿ ಆ ಪದ ಎಲ್ಲೋ ಉದುರಿಹೋಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಡಿಪ್ರೆಶನ್ ಇದ್ದವರು ಸುಮಾರು 28 ಕೋಟಿ. ಜಗತ್ತಿನಲ್ಲಿ ಜನರನ್ನು ಕೈಲಾಗದಂತೆ ಕೂರಿಸುವ ಮುಖ್ಯ ಕಾರಣಗಳಲ್ಲಿ ಇದೂ ಒಂದು ಅಂತ ಆ ಸಂಸ್ಥೆಯೇ ಹೇಳುತ್ತದೆ. ಅಂದರೆ ಒಟ್ಟಾಗಿ ಎಣಿಸಿದರೆ ನಾವು 28 ಕೋಟಿ. ಒಬ್ಬೊಬ್ಬರಾಗಿ ಕಿಟಕಿಗೆ ಬಂದರೆ ಸೊನ್ನೆ. ಇದ್ಯಾವ ಗಣಿತವೋ ನನಗೆ ಗೊತ್ತಾಗಲಿಲ್ಲ. ಆ ಡಿಸ್ಟಿಂಕ್ಷನ್ ಬೇರೆ ವಿಷಯದಲ್ಲಿ ಬಂದದ್ದು.

ಸಾಹೇಬರನ್ನು ನೋಡಿ ಅಂತ ಬೆಂಚಿನಲ್ಲಿ ಕೂರಿಸಿದರು. ಎದುರಿನ ಗೋಡೆ ಮೇಲೆ ಗಾಲಿಕುರ್ಚಿಯ ಚಿತ್ರ ಇತ್ತು. ನೀಲಿ ಹಿನ್ನೆಲೆ, ಬಿಳಿ ಗೆರೆ, ಎಲ್ಲರೂ ನೋಡಿರುವುದೇ. ಅದನ್ನು 1968ರಲ್ಲಿ ಬರೆದದ್ದು ಡೆನ್ಮಾರ್ಕಿನ ಸುಸಾನ್ ಕೂಫೂದ್ ಎಂಬ ವಿನ್ಯಾಸದ ವಿದ್ಯಾರ್ಥಿನಿ. ಆಕೆಯ ಮೊದಲ ಚಿತ್ರದಲ್ಲಿ ಬರೀ ಕುರ್ಚಿ ಇತ್ತು, ತಲೆ ಇರಲಿಲ್ಲ. ಮನುಷ್ಯ ಅಂತ ಗೊತ್ತಾಗಲಿ ಎಂದು ಕಾರ್ಲ್ ಮೊಂಟಾನ್ ಎಂಬವರು ಆಮೇಲೆ ಮೇಲೊಂದು ದುಂಡು ಸೇರಿಸಿದರು. ತಲೆ ಬಂತು. ಆ ತಲೆಯೊಳಗೂ ಏನಾದರೂ ಕೆಡಬಹುದು ಅನ್ನೋದು ಮಾತ್ರ ಈ ಕಚೇರಿಗೆ ಇನ್ನೂ ಬಂದಿಲ್ಲ.

ಚಿತ್ರದ ಕೆಳಗೇ, ನಿಜವಾದ ಗಾಲಿಕುರ್ಚಿಯಲ್ಲಿ ಒಬ್ಬರು ಹೆಂಗಸು ಕೂತಿದ್ದರು. ನಿಮಗೇನು ಬಿಡಿ, ನೋಡಿದ ಕೂಡಲೇ ನಂಬುತ್ತಾರೆ ಅಂತ ನಾನು ಹೊಟ್ಟೆಕಿಚ್ಚಿನಿಂದಲೇ ಮಾತು ತೆಗೆದೆ. ಅವರು ನಕ್ಕರು. "ನವೀಕರಣಕ್ಕೆ ಬಂದಿದ್ದೀನಿ. ಹೋದ ಸಲವೂ ಕೇಳಿದ್ರು, ಈಗಲೂ ಕೇಳ್ತಾರೆ, ಇನ್ನೂ ನಡೆಯೋಕೆ ಶುರು ಮಾಡಿಲ್ವಾ ಅಂತ. ಈ ರಾಂಪ್ ಇದೆಯಲ್ಲ, ಅದಕ್ಕೆ ಒಂಬತ್ತು ವರ್ಷ ಅರ್ಜಿ ಕೊಟ್ಟಿದ್ದೀವಿ." ಆಮೇಲೆ ನನ್ನ ಶರ್ಟು ನೋಡಿ ಮೆಲ್ಲಗೆ ಹೇಳಿದರು, "ಇಸ್ತ್ರಿ ಹಾಕ್ಬಾರ್ದಿತ್ತು ನೀವು." ಆವತ್ತು ಆ ಕಟ್ಟಡದಲ್ಲಿ ನನ್ನ ಕಾಯಿಲೆ ಅರ್ಥವಾಗಿದ್ದು ಅವರೊಬ್ಬರಿಗೆ.

ಸಾಹೇಬರು ಅಂದರೆ ಮೇಡಂ. ಒಳ್ಳೆಯವರೇ. ಅರ್ಜಿ ತಿರುವಿ ಹಾಕಿ ಕೇಳಿದರು, "ಇದು ಪರ್ಮನೆಂಟಾ, ಟೆಂಪರರಿನಾ? ಎರಡರಲ್ಲಿ ಒಂದಕ್ಕೆ ಟಿಕ್ ಮಾಡ್ಬೇಕು."

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಇದು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಒಮ್ಮೆ ಬಂದವರಲ್ಲಿ ಅರ್ಧದಷ್ಟು ಜನಕ್ಕಾದರೂ ಮತ್ತೊಮ್ಮೆ ಬರುತ್ತೆ ಅಂತ ಡಾಕ್ಟರು ಹೇಳಿದ್ದಾರೆ. ಮಾತ್ರೆ ಶುರು ಮಾಡಿದರೂ ಅದರ ಗುಣ ಕಾಣೋಕೆ ವಾರಗಟ್ಟಲೆ ಬೇಕು. ಬಂದಾಗ ಮನೆಯ ಬಾಗಿಲು ದಾಟೋದೂ ಕಷ್ಟ.

"ಹಾಗಿದ್ರೆ ಅದು ಹೋದಾಗ ಬನ್ನಿ" ಅಂದರು ಮೇಡಂ.

"ಹೋದಾಗ ಬಂದ್ರೆ ನೀವು ಕಾಯಿಲೆ ಎಲ್ಲಿ ಅಂತೀರಿ."

"ಎಲ್ಲಿ ಅಂತ ಕೇಳಲೇಬೇಕಲ್ರೀ, ಪರಿಶೀಲನೆ ಅಂದ್ರೆ ಅದೇ ಅಲ್ವಾ?"

ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ನಾಲ್ಕನೆಯ ಗುಂಡಿಗೇ ಆವತ್ತಿನ ಶಕ್ತಿ ಖರ್ಚಾಗಿತ್ತು. ಅವರು ಹಾಳೆ ತಿರುವಿದರು. ಅವರ ಬೆರಳು ತಾರೀಖಿನ ಮೇಲೆ ನಿಂತಿತು.

"ಡಾಕ್ಟರ ಪತ್ರ ಸಿಕ್ಕ 30 ದಿನದೊಳಗೆ ಅರ್ಜಿ ಕೊಡ್ಬೇಕು. ನೀವು 41ನೇ ದಿನ ಬಂದಿದ್ದೀರಿ. ತಡ ಯಾಕೆ?"

ಅಷ್ಟೂ ದಿನ ಅರ್ಜಿ ನನ್ನ ಮೇಜಿನ ಮೇಲೇ ಇತ್ತು. ಮೇಲೊಂದು ಪೆನ್ನು. ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಹೆಸರು ಬರೆಯುವ ಜಾಗದಲ್ಲಿ ಮೊದಲ ಅಕ್ಷರ ಬರೆದು ಬಿಟ್ಟದ್ದು ಹದಿನಾಲ್ಕನೆಯ ದಿನ.

"7ನೇ ಕಾಲಂನಲ್ಲಿ ಬರೆದಿದ್ದೀನಲ್ಲ ಮೇಡಂ, ಅದಕ್ಕೇ ತಡ ಆಯ್ತು."

"7ನೇ ಕಾಲಂ ಇನ್ನೂ ಮಂಜೂರಾಗಿಲ್ಲ. ಮಂಜೂರಾಗದ ಕಾಯಿಲೆನ ಕಾರಣ ಅಂತ ತೋರಿಸೋಕೆ ಬರಲ್ಲ. ಬೇರೆ ಏನಾದ್ರೂ ಕಾರಣ ಇದ್ರೆ ಬರೀರಿ."

ಸ್ವಲ್ಪ ಹೊತ್ತು ಯೋಚಿಸಿದೆ.

"ವೈರಲ್ ಜ್ವರ ಅಂತ ಬರೀಲಾ?"

"ಹಾಂ, ಅದು ನಡೆಯುತ್ತೆ. ಎಷ್ಟು ದಿನ ಇತ್ತು?"

"ಹನ್ನೊಂದು ದಿನ ಮೇಡಂ."

"ಅಯ್ಯೋ, ಹನ್ನೊಂದು ದಿನಾನಾ?" ಮೇಡಂ ಮೊದಲ ಸಲ ನನ್ನ ಮುಖ ನೋಡಿದರು. ಅಲ್ಲೇ ನಿಂತಿದ್ದ ಗುಮಾಸ್ತರು ಗೋಡೆ ಬದಿಯ ಕುರ್ಚಿ ಎಳೆದು ನನ್ನ ಕಡೆ ತಳ್ಳಿದರು.

"ಕೂತ್ಕೊಳ್ಳಿ ಸಾರ್, ಸುಸ್ತಾಗಿರುತ್ತೆ."