ಯಮನ ಹಿಂದೆ ಏಳು ಹೆಜ್ಜೆ

ನಾಪೋಕ್ಲಿನ ಬಳಿಯ ನಮ್ಮೂರಿನ ಸಮುದಾಯ ಭವನದಲ್ಲಿ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯ ನಡುವೆಯೇ, ಸತ್ಯವಾನ್ ಸಾವಿತ್ರಿ ಸಂಗೀತ ನಾಟಕದ ತಾಲೀಮು ನಡೆದಿದೆ. ಹಾರ್ಮೋನಿಯಂ ನನ್ನ ಪಾಲಿನದು. ಕೊಡಗಿನ ರಂಗಭೂಮಿಗೆ ಸಾವಿತ್ರಿ ಹೊಸಬಳಲ್ಲ; ಹರದಾಸ ಅಪ್ಪಚ್ಚಕವಿಯವರು 1908ರಲ್ಲೇ ಅವಳ ಕಥೆಯನ್ನು ಕೊಡವ ಭಾಷೆಯ ನಾಟಕವಾಗಿಸಿದ್ದರು. ನಾವು ಆಡುತ್ತಿರುವುದು ಕನ್ನಡದಲ್ಲಿ, ನಾವೇ ಕಟ್ಟಿಕೊಂಡ ಹಾಡುಗಳೊಂದಿಗೆ.

ಸಾವಿತ್ರಿ ಯಮನನ್ನು ಜಾಣತನದಿಂದ ಸಿಕ್ಕಿಸಿದಳೆಂದೇ ನಮ್ಮಲ್ಲಿ ಹೆಚ್ಚಿನವರು ಕೇಳಿದ್ದೇವೆ: ನೂರು ಮಕ್ಕಳ ವರ ಬೇಡಿದಳು, ಗಂಡನಿಲ್ಲದೆ ಮಕ್ಕಳೆಲ್ಲಿ ಎಂದಳು, ಯಮ ಪೇಚಿಗೆ ಬಿದ್ದ. ರಂಗದ ಮೇಲೆ ಇದಕ್ಕೆ ಚಪ್ಪಾಳೆ ಖಂಡಿತ. ಆದರೆ ಮಹಾಭಾರತದ ವನಪರ್ವದಲ್ಲಿ ಈ ಘಟ್ಟ ಇದಕ್ಕಿಂತ ಆಳವಾಗಿದೆ. ಜ್ಞಾನಿಗಳು ಏಳು ಹೆಜ್ಜೆ ಜೊತೆಯಾಗಿ ನಡೆದವರನ್ನು ಸ್ನೇಹಿತರೆನ್ನುತ್ತಾರೆ, ಆ ಸ್ನೇಹದ ಸಲುಗೆಯಿಂದ ಹೇಳುತ್ತೇನೆ ಕೇಳು ಎಂದು ಅವಳು ಪ್ರಾಣ ಒಯ್ಯುತ್ತಿರುವವನೊಡನೆಯೇ ಮಾತು ಶುರು ಮಾಡುತ್ತಾಳೆ. ಅವಳ ಮಾತಿಗೆ ಮೆಚ್ಚಿದ ಯಮ, ಸತ್ಯವಾನನ ಪ್ರಾಣವೊಂದನ್ನು ಬಿಟ್ಟು ಏನನ್ನಾದರೂ ಕೇಳೆನ್ನುತ್ತಾನೆ. ಮಾವನ ಕಣ್ಣು, ಮಾವನ ರಾಜ್ಯ, ತಂದೆಗೆ ನೂರು ಗಂಡುಮಕ್ಕಳು, ತನಗೂ ಸತ್ಯವಾನನಿಂದ ನೂರು ಮಕ್ಕಳು: ನಾಲ್ಕು ವರಗಳೂ ಈ ಷರತ್ತಿನೊಳಗೇ ಸಿಗುತ್ತವೆ. ಐದನೆಯ ವರ ಕೊಡುವಾಗ ಮಾತ್ರ ಯಮನ ಬಾಯಿಂದ ಆ ಷರತ್ತು ಬರುವುದಿಲ್ಲ. ಸಾವಿತ್ರಿ ಅದನ್ನು ಗಮನಿಸುತ್ತಾಳೆ, ಪತಿಯ ಪ್ರಾಣ ಕೇಳುತ್ತಾಳೆ, ಅವನು ಸಂತೋಷದಿಂದಲೇ ಪಾಶ ಬಿಚ್ಚುತ್ತಾನೆ.

ನನ್ನ ದೃಷ್ಟಿಯಲ್ಲಿ ಪ್ರೇಮ ಇಲ್ಲಿ ಅಡ್ಡಿಯನ್ನು ಸೋಲಿಸುವುದಿಲ್ಲ, ಒಲಿಸಿಕೊಳ್ಳುತ್ತದೆ. ಇದನ್ನು ತೋರಿಸಲು ಸಂಗೀತ ನಾಟಕಕ್ಕಿಂತ ತಕ್ಕ ಪ್ರಕಾರ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ, ಏಕೆಂದರೆ ಮನಸ್ಸು ಮೆತ್ತಗಾಗುವ ಆ ನಿಧಾನವನ್ನು ಸಂಭಾಷಣೆ ಒಂದೆರಡು ಸಾಲಿನಲ್ಲಿ ದಾಟಿಬಿಟ್ಟರೆ, ಹಾಡು ಅಲ್ಲೇ ನಿಂತು, ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ಹಾಡಿ ಕೇಳುವವನಿಗೆ ಸಮಯ ಕೊಡುತ್ತದೆ. ಕಳೆದ ವರ್ಷ ಒಂದು ಕಡೆ ಸಮಯವಿಲ್ಲವೆಂದು ವ್ಯವಸ್ಥಾಪಕರು ನಡುವಿನ ಮೂರು ವರಗಳ ಹಾಡುಗಳನ್ನು ಕೈಬಿಡಿಸಿದರು. ಯಮ ಬಂದ, ಗದರಿದ, ಪ್ರಾಣ ಕೊಟ್ಟು ಹೋದ. ಏಕೆ ಕೊಟ್ಟನೆಂಬುದು ನೋಡಿದವರಿಗೆ ತಿಳಿದಿರಲಾರದು, ಮತ್ತು ಆ ಬೇಸರ ನನಗಿನ್ನೂ ಹೋಗಿಲ್ಲ.

ಮೊನ್ನೆ ಸಂಜೆ ತಗಡಿನ ಮಾಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ತಬಲದ ಪೆಟ್ಟೂ ಕೇಳಿಸುತ್ತಿರಲಿಲ್ಲ. ತೇವಕ್ಕೆ ಉಬ್ಬಿದ ನನ್ನ ಹಾರ್ಮೋನಿಯಂನ ಒಂದು ಬಿಳಿ ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ. ಸಾವಿತ್ರಿಯಾಗುವ ಕಾಲೇಜು ಹುಡುಗಿ ಯಮನ ಪಾತ್ರದ ನಿವೃತ್ತ ಮೇಷ್ಟರನ್ನು, "ಸರ್, ಏನೂ ಕೇಳಿಸ್ತಿಲ್ಲ, ಸ್ವಲ್ಪ ಹತ್ತಿರ ಬರ್ಲಾ?" ಎಂದು ಕೇಳಿದಳು. ಹತ್ತಿರ ಹೋಗಿ, ದನಿ ಏರಿಸದೆ, ಮನೆಯವರೊಡನೆ ಮಾತಾಡುವಂತೆ ಹಾಡಿದಳು. ಮೇಷ್ಟರು ಕೇಳಿಸಿಕೊಳ್ಳಲೆಂದು ತಲೆ ಬಗ್ಗಿಸಿದರು. ಹೆಗಲ ಮೇಲಿದ್ದ ಹಗ್ಗ ಜಾರಿ ಮೊಣಕೈಗೆ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಪ್ರದರ್ಶನದ ದಿನ ಮಳೆ ಇರಲಿ ಬಿಡಲಿ, ಆ ಹಾಡಿಗೆ ಮೈಕ್ ದೂರವಿಟ್ಟು ಹೀಗೆಯೇ ಆಡುವುದೆಂದು ಗೊತ್ತುಮಾಡಿದ್ದೇವೆ. ಅದಕ್ಕೂ ಮೊದಲಿನ ಏಳು ಹೆಜ್ಜೆಗಳಿಗೆ ತಬಲವೂ ಇಲ್ಲ, ಹಾರ್ಮೋನಿಯಂ ಕೂಡ ಇಲ್ಲ.