ರಾಶಿ, ಚಾಲಿ, ಬಾಗೇಶ್ರೀ

ಅಂತೂ ರೇಡಿಯೋದವರ ಶಾಸ್ತ್ರೀಯ ಸಂಗೀತ ಸಪ್ತಾಹ ಮುಗಿಯಿತು. 'ಅಭೂತಪೂರ್ವ ಯಶಸ್ಸು' ಅಂತ ಪ್ರಕಟಣೆಯೂ ಬಂತು, ನೀವೂ ಓದಿರುತ್ತೀರಿ. ಯಾವ ಕೇಂದ್ರ ಅಂತ ನಾನು ಹೇಳೋದಿಲ್ಲ. ಕೇಳಿದವರಿಗೆ ಗೊತ್ತು, ಕೇಳದವರು ಪುಣ್ಯವಂತರು.

ಮೊದಲ ದಿನ ಬೆಳಿಗ್ಗೆ ಏಳಕ್ಕೇ ಮಾರ್ವಾ ಹಾಕಿದರು. ಮಾರ್ವಾ ಸೂರ್ಯ ಮುಳುಗೋ ಹೊತ್ತಿನ ರಾಗ. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮುಳುಗೋದು ಕಣ್ಣೆದುರಿನ ಸಮುದ್ರದಲ್ಲೇ. ಇಡ್ಲಿ ತಿನ್ನೋ ಹೊತ್ತಿಗೇ ಕತ್ತಲಾಯಿತಲ್ಲ ಅಂತ ನಾವು ಗಾಬರಿಯಾದರೆ, ಅದೇ ರಾತ್ರಿ ಒಂಬತ್ತೂವರೆಗೆ ಲಲಿತ್ ಹಾಕಿ ಬೆಳಗು ಮಾಡಿಕೊಟ್ಟರು. ಲೆಕ್ಕ ಚುಕ್ತಾ. ಹಗಲೂ ಆಯಿತು, ರಾತ್ರಿಯೂ ಆಯಿತು, ಸ್ವಲ್ಪ ಆಚೀಚೆ ಅಷ್ಟೇ.

ಶಿರಸಿ ಕಡೆ ಈಗ ಅಡಿಕೆ ಸುಲಿಯೋ ಕಾಲ. ಊಟ ಮುಗಿಸಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತವರಿಗೆ ರೇಡಿಯೋ ಬೇಕೇ ಬೇಕು. ಮೊಬೈಲ್ ನೋಡ್ತಾ ಸುಲಿದರೆ ಬೆರಳು ಹೋಗುತ್ತೆ. ನೆಟ್‌ವರ್ಕೂ ಸಿಗೋದಿಲ್ಲ ಬಿಡಿ. ವಿಲಂಬಿತ ಖಯಾಲಿಗೂ ಈ ಕೆಲಸಕ್ಕೂ ಒಳ್ಳೆ ಹೊಂದಾಣಿಕೆ, ಇಬ್ಬರಿಗೂ ಅವಸರವಿಲ್ಲ. ಮೂರನೇ ರಾತ್ರಿ ಬಾಗೇಶ್ರೀ ರಾಗ ಬಂತು. ಗಾಯಕರು ಒಂದೊಂದೇ ಸ್ವರ ಹಿಡಿದು ಮೇಲೆ ಹತ್ತಿದರು. ನಿಷಾದದ ಮೇಲೆ ನಿಂತರು. ಇನ್ನೇನು ಮೇಲಿನ ಷಡ್ಜ, ಹತ್ತಿದ್ದು ಮುಗಿಯೋ 'ಸ'. ಸುಲಿಯೋ ಕೈಗಳೂ ನಿಂತವು. ಆಗ ಬಂತು, 'ಇಂದಿನ ಅಡಿಕೆ ಮಾರುಕಟ್ಟೆ ಧಾರಣೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು...'

ಆ ಷಡ್ಜ ಇವತ್ತಿಗೂ ಬಂದಿಲ್ಲ. ಹಾಗಂತ ಯಾರಾದರೂ ಬೈದರಾ? ಇಲ್ಲ. ರಾಶಿಗೆ ರೇಟು ಸ್ವಲ್ಪ ಏರಿತ್ತು. 'ಷಡ್ಜ ಏರಿದ್ದಿಲ್ಲೆ, ರೇಟಾದ್ರೂ ಏರಿದ್ದಲಾ ತಮಾ' ಅಂದರು ಮೂಲೆಯಲ್ಲಿದ್ದ ಅಜ್ಜ, ಕವಳ ಒಂದು ಕಡೆಗೆ ಒತ್ತರಿಸಿ.

ಒಂದು ಕಾಲದಲ್ಲಿ ಈ ದೇಶದ ಸರ್ಕಾರಿ ರೇಡಿಯೋಗೆ ಸಂಗೀತದಲ್ಲಿ ಎಂಥಾ ಮಡಿ ಇತ್ತು ಗೊತ್ತಾ? 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗೆ ಹಾಕಿದ್ದರು. ಸ್ವರದಿಂದ ಸ್ವರಕ್ಕೆ ಜಾರೋ ಮೀಂಡ್ ಅದರಲ್ಲಿ ಬರೋದಿಲ್ಲ, ಅದರ ಶ್ರುತಿ ನಮ್ಮದಲ್ಲ ಅಂತ. ನಮ್ಮ ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ಟ್ಯಾಗೋರರಿಗೂ ಈ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. ತಮ್ಮ ಆಶ್ರಮದಿಂದ ಅದನ್ನು ಪೂರ್ತಿ ಓಡಿಸಿದ್ದರು. ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ ಹುಡುಗ ರವೀಂದ್ರ ಬಂದು ಉಳಿದಿದ್ದರಲ್ಲ, ಆಗ ನಮ್ಮೂರಿನ ಯಾವುದೋ ಭಜನೆ ಕಿವಿಗೆ ಬಿದ್ದಿತ್ತೋ ಏನೋ ಅಂತ ನನಗೆ ಸುಮ್ನೆ ಒಂದು ಅನುಮಾನ. ಆ ಬಹಿಷ್ಕಾರ ಸಡಿಲವಾಗಿದ್ದು 1971ರಲ್ಲಿ. ಚೌತಿ ಭಜನೆಯವರಿಗೆ ಅದು ಗೊತ್ತೇ ಆಗಲಿಲ್ಲ.

ಆಮೇಲೆ ಬಿ.ವಿ. ಕೇಸ್ಕರ್. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದವರು ಸಿನಿಮಾ ಹಾಡನ್ನೂ ಹೊರಗಿಟ್ಟರು. ಜನ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅವರನ್ನು ವಾಪಸ್ ಕರೆಯೋಕೆ 1957ರಲ್ಲಿ ವಿವಿಧ ಭಾರತಿ ಶುರುಮಾಡಬೇಕಾಯಿತು. ಕೇಸ್ಕರ್ ಹಠಮಾರಿ, ಒಪ್ಪೋಣ. ಆದರೆ ಅದೇ 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವೂ ಶುರುವಾಯಿತು. ಕಲಾವಿದರು ಸಾವಕಾಶವಾಗಿ ಕೂತು ಹಾಡುತ್ತಿದ್ದರು. ನಡುವೆ ಯಾರೂ ಕೆಂಪುಗೋಟು ತೂಗುತ್ತಿರಲಿಲ್ಲ.

ಈಗಿನವರಿಗೆ ಹಠವೂ ಇಲ್ಲ, ಮಡಿಯೂ ಇಲ್ಲ. ಮೇಲಿಂದ ಸುತ್ತೋಲೆ ಬಂತು, ಏಳು ದಿನ ತುಂಬಿಸಿದರು. ಉದ್ಘಾಟನೆಗೆ ಗಣ್ಯರ ಶುಭಾಶಯವೇ ಕಾಲು ಗಂಟೆ. ಸಂಗೀತ ಮನಸ್ಸಿಗೆ ನೆಮ್ಮದಿ ಕೊಡುತ್ತೆ, ಬಿ.ಪಿ. ಇಳಿಸುತ್ತೆ, ಹಸುವಿಗೆ ಹಾಲು ಜಾಸ್ತಿ ಬರಿಸುತ್ತೆ ಅಂತೆಲ್ಲ ಹೇಳಿದರು. ಹಾಡಿಗೆ ಉಳಿದದ್ದು ಹನ್ನೆರಡು ನಿಮಿಷ.

ಹಾಡಿದವರು ಯಾರು? ಅದನ್ನು ಹೇಳಲೇ ಇಲ್ಲ. 'ಈಗ ಕೇಳಿದಿರಿ, ಶಾಸ್ತ್ರೀಯ ಸಂಗೀತ.' ಮುಗೀತು. ಇದೇ ಜಿಲ್ಲೆಯ ಗಣಪತಿ ಭಟ್ ಹಾಸಣಗಿ, ಪರಮೇಶ್ವರ ಹೆಗಡೆ ಅಂಥ ಗಾಯಕರು ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರುಗಳ ಎದುರು ಕೂತು ವರ್ಷಗಟ್ಟಲೆ ಕಲಿತವರು. ಇವತ್ತಿಗೂ ಇಲ್ಲಿನ ಮಕ್ಕಳು ಬಸ್ಸು ಹಿಡಿದು ಪಾಠಕ್ಕೆ ಹೋಗ್ತಾರೆ. ಅವರಲ್ಲಿ ಒಬ್ಬರನ್ನಾದರೂ ಸ್ಟುಡಿಯೋಗೆ ಕರೆದರಾ? ಕರೆದರೂ ಸಾಥ್ ಕೊಡೋಕೆ ತಬಲಾದವರಿಲ್ಲ. ಇದ್ದವರು ನಿವೃತ್ತರಾದರು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹಳೇ ರೆಕಾರ್ಡಿಂಗೇ ಗತಿ. ಹೋಗಲಿ, ಹೆಸರು ಹೇಳೋಕೆ ಎಷ್ಟು ಖರ್ಚಾಗುತ್ತೆ ಸ್ವಾಮಿ? ಜೀವಮಾನ ಪೂರ್ತಿ ಗಂಟಲು ತೇಯ್ದವರಿಗೆ ಎರಡು ಸೆಕೆಂಡ್ ಇಲ್ಲ, ಬಾತ್‌ರೂಮ್ ಟೈಲ್ಸಿನ ಜಾಹೀರಾತಿಗೆ ಎರಡು ನಿಮಿಷ ಇದೆ. ಇದಕ್ಕೆ ತಮಾಷೆ ಮಾಡೋಕೂ ಮನಸ್ಸು ಬರ್ತಿಲ್ಲ. ಸಾಕಾಗಿದೆ.

ಮುಂದಿನ ತಿಂಗಳು ಯಕ್ಷಗಾನ ಸಪ್ತಾಹವಂತೆ. ರಾತ್ರಿಯಿಡೀ ನಡೆಯೋ ಪ್ರಸಂಗಕ್ಕೆ ಇಪ್ಪತ್ತೈದು ನಿಮಿಷ ಕೊಟ್ಟಿದ್ದಾರೆ. ದುರ್ಯೋಧನ ಸರೋವರಕ್ಕೆ ಇಳಿಯೋ ಹೊತ್ತಿಗೆ ಸರಿಯಾಗಿ ವಾರ್ತೆ. ಭೀಮ ಬಂದು ಕೂಗೋದು ಮಾರನೇ ದಿನ, ಪ್ರಾಯೋಜಕರು ಸಿಕ್ಕಿದರೆ.